ಮಾವನಿಗೆ ಹೇಳದ ಮಾತು

"ನನ್ನ ತಾಳಿ ಮುಟ್ಟಿ ಆಣೆ ಮಾಡು ವೈಜಯಂತಿ! ಅವರಿಗೆ ಒಂದಕ್ಷರವೂ ಹೇಳೋದಿಲ್ಲ ಅಂತ ಆಣೆ ಮಾಡು!"

ಮಯೂರ್ ವಿಹಾರದ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅತ್ತೆ ಸುಶೀಲಮ್ಮ ಸೊಸೆಯ ಕೈಯನ್ನು ಎಳೆದು ತಮ್ಮ ಕೊರಳಿಗೆ ಒತ್ತಿಕೊಂಡರು. ಬಾಗಿಲಲ್ಲಿ ನಿಂತಿದ್ದ ಗಂಡ ಮನೋಜ್ ತಲೆ ಎತ್ತಲಿಲ್ಲ. "ಇರೋಷ್ಟು ದಿನ ಅಪ್ಪ ನೆಮ್ಮದಿಯಾಗಿರ್ಲಿ, ವೈಜಾ..."

ಮಾವ ಬಸವಲಿಂಗಪ್ಪನವರ ಹೊಟ್ಟೆಯ ಕ್ಯಾನ್ಸರ್ ಕೈಮೀರಿ ಹಬ್ಬಿತ್ತು. ಚಿಕಿತ್ಸೆಗೆಂದು ದಾವಣಗೆರೆಯಿಂದ ಉತ್ತರದ ಈ ಮಹಾನಗರಕ್ಕೆ, ಮಗನ ಮನೆಗೆ ಬಂದಿದ್ದ ಆ ಹಿರಿಯರಿಗೆ ಹಿಂದಿಯ ಗಂಧವೂ ಇರಲಿಲ್ಲ. ಆಸ್ಪತ್ರೆಯಲ್ಲಿ ಸೊಸೆಯೇ ಅವರ ಕಿವಿ, ಸೊಸೆಯೇ ಬಾಯಿ. ವೈಜಯಂತಿ ಸಾರ್ವಜನಿಕ ಆರೋಗ್ಯದ ಪ್ರೊಫೆಸರ್. ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಿಗೇ ಪಾಠ ಹೇಳುವವಳು. ಬಿಹಾರದ ಕೂಲಿಯಾಗಲಿ, ಬಂಗಾಳದ ಮನೆಗೆಲಸದವಳಾಗಲಿ, ತನ್ನ ರೋಗವನ್ನು ತನ್ನ ಭಾಷೆಯಲ್ಲಿ ತಿಳಿಯುವ ಹಕ್ಕು ಎಲ್ಲರಿಗೂ ಸಮ ಎಂದು ಊರೂರು ತಿರುಗಿ ಕಲಿಸಿದ್ದಳು. ಅಂಥವಳ ಕೈ ಈಗ ಅತ್ತೆಯ ತಾಳಿಯ ಮೇಲಿತ್ತು.

"ಆಗಲಿ, ಅತ್ತೆ..."

ಮರುದಿನ ಆಸ್ಪತ್ರೆಯಲ್ಲಿದ್ದ ವೈದ್ಯೆ ಅವಳಲ್ಲೇ ತರಬೇತಿ ಪಡೆದಿದ್ದವಳು. "ಮ್ಯಾಡಮ್, ಬಾಬೂಜಿಗೆ ನಾನೇ ಹೇಳ್ತೀನಿ. ನೀವು ಕನ್ನಡದಲ್ಲಿ ತಿಳಿಸಿ" ಎಂದವಳು ಬಸವಲಿಂಗಪ್ಪನವರ ಪಕ್ಕ ಕುಳಿತು, ಕೈ ಹಿಡಿದು, ಮೆಲುದನಿಯ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಗುರು ಕಲಿಸಿದ್ದರಲ್ಲಿ ಒಂದಿಷ್ಟೂ ಬಿಡಲಿಲ್ಲ.

"ಏನಂತೆ, ತಾಯಿ?" ಮಾವ ಸೊಸೆಯತ್ತ ತಿರುಗಿದರು.

ಬೆನ್ನ ಹಿಂದೆ ಸುಶೀಲಮ್ಮನ ಬಿಕ್ಕು ಕೇಳಿಸಿತು.

"ಕರುಳಲ್ಲಿ ಹುಣ್ಣಂತೆ, ಮಾವಾ... ಔಷಧಿಗೆ ವಾಸಿಯಾಗತ್ತಂತೆ."

ಮುದುಕರ ಮುಖ ಅರಳಿತು. ನಿಜ ಹೇಳಿಲ್ಲವೆಂದು ತಿಳಿಯಲು ಕನ್ನಡ ಬಾರದ ಆ ವೈದ್ಯೆಗೆ ಅಷ್ಟೇ ಸಾಕಾಯಿತು. ತನ್ನ ಗುರುವನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಮನೆಗೆ ಬಂದವರೇ ಬಸವಲಿಂಗಪ್ಪ ನಿಟ್ಟುಸಿರಿಟ್ಟರು. "ದೊಡ್ಡ ಕಾಯಿಲೆ ಅಂದಿದ್ರೆ ಇವತ್ತೇ ರೈಲು ಹತ್ತಿ ತಂಗಿ ಹತ್ರ ಹೋಗ್ತಿದ್ದೆ. ಬೇರೆ ಜಾತಿಯವನನ್ನ ಮದುವೆಯಾದಳು ಅಂತ ಇಷ್ಟು ವರ್ಷ ಶಿವಗಂಗೆಯ ಮುಖ ನೋಡ್ಲಿಲ್ಲ ನಾನು, ಪಾಪಿ! ಸದ್ಯ... ಇನ್ನು ಅವಸರವಿಲ್ಲ."

ವೈಜಯಂತಿ ಗಂಡನನ್ನು ಬಾಲ್ಕನಿಗೆ ಕರೆದು ಅಂಗಲಾಚಿದಳು. "ರೀ, ಈಗಲಾದ್ರೂ ಹೇಳಿಬಿಡೋಣ!"

"ಆಣೆ ಮುರಿದ್ರೆ ನನ್ನ ಹೆಣ ನೋಡ್ತೀಯ!" ಹಿಂದೆಯೇ ಬಂದ ಸುಶೀಲಮ್ಮ ದನಿ ತಗ್ಗಿಸಿಯೇ ಹರಿಹಾಯ್ದರು. ಮನೋಜ್ ಮುಖ ಮುಚ್ಚಿಕೊಂಡು ಅತ್ತ.

ಕೊನೆಗೆ ಅವಳು ಮಾವನ ಮುಂದೆಯೇ ಕುಳಿತಳು. "ಈಗಲೇ ಹೋಗಿಬರೋಣ, ಮಾವಾ. ನಾನೇ ಕರ್ಕೊಂಡು ಹೋಗ್ತೀನಿ."

"ಈ ನಿತ್ರಾಣದಲ್ಲೇ? ಗಟ್ಟಿಯಾಗಿ, ನನ್ನ ಕಾಲ ಮೇಲೆ ಅವಳ ಹೊಸಿಲು ತುಳೀಬೇಕು, ತಾಯಿ. ಯುಗಾದಿಗೆ ಹೋಗೋಣ."

ಅಂದೇ ಫೋನು ಮಾಡಿಸಿದರು. "ಗಂಗೂ... ನಾನು ಕಣೇ, ಅಣ್ಣ! ಅಳಬೇಡ... ನೀನು ಬರೋದು ಬೇಡ, ನಾನೇ ಬರ್ತೀನಿ. ನಮ್ಮ ಸೊಸೆ ದೊಡ್ಡ ಪ್ರೊಫೆಸರು. ಬರೀ ಹುಣ್ಣು, ವಾಸಿಯಾಗತ್ತೆ ಅಂತ ಅವಳೇ ಹೇಳಿದಾಳೆ!"

ಶಿವರಾತ್ರಿಗೆ ಮುಂಚೆಯೇ ಬಸವಲಿಂಗಪ್ಪ ಕಣ್ಮುಚ್ಚಿದರು.

ಸುದ್ದಿ ತಿಳಿದು ಓಡಿಬಂದ ಶಿವಗಂಗಮ್ಮ ಅಣ್ಣನ ತಣ್ಣಗಾದ ಕೆನ್ನೆ ಸವರಿ ಸವರಿ ಅತ್ತರು. ಆಮೇಲೆ ವೈಜಯಂತಿಯತ್ತ ತಿರುಗಿ, ಮಗುವಿನಂತೆ ಕೇಳಿದರು: "ಹುಣ್ಣು ಅಂದಿದ್ನಲ್ಲಮ್ಮಾ... ಹುಣ್ಣಿಗೆ ಯಾರಾದ್ರೂ ಸಾಯ್ತಾರಾ?"

ವೈಜಯಂತಿ ಆ ಮುದುಕಿಯ ಪಾದಗಳನ್ನು ಹಿಡಿದು ಅಲ್ಲೇ ಕುಸಿದು ಕುಳಿತಳು.