ಇಪ್ಪತ್ತೇಳನೆಯವನು

ಅವನ ಅಂಗಿ ತೊಯ್ದು ಮೈಗೆ ಅಂಟಿಕೊಂಡಿತ್ತು. ಹೊರಗೆ ಒಂದು ಹನಿ ಮಳೆಯಿರಲಿಲ್ಲ.

ಹೆಸರುಗಳ ಪಟ್ಟಿ ಹಿಡಿದು ಬಸ್ಸಿನ ಕೊನೆಯ ಸಾಲಿಗೆ ಬಂದ ಜಲಜಾಕ್ಷಿ ಅಲ್ಲೇ ನಿಂತುಬಿಟ್ಟಳು. ಕಿಟಕಿಯ ಪಕ್ಕದಲ್ಲಿ ಒಬ್ಬ ಯುವಕ ಕೂತಿದ್ದ. ಮಡಿಲಲ್ಲಿ ಒಂದು ತೆಂಗಿನಕಾಯಿ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಮ್ಮ ಹೆಸರು?"

ಅವನು ತಲೆಯೆತ್ತಿದ. ಮೊದಲು ಅವಳನ್ನು ನೋಡಿದ. ಆಮೇಲೆ ತನ್ನ ಪಕ್ಕದ ಖಾಲಿ ಸೀಟನ್ನು ನೋಡಿದ.

"ನನ್ನ ಕೇಳಿದ್ರೇನ್ರೀ?"

"ಮತ್ತೆ ಯಾರನ್ನು? ಇಲ್ಲಿ ಬೇರೆ ಯಾರುಂಟು?"

ಅವನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಜಗ್ಗಿ ಹೊರಟಿತು. ಜಲಜಾಕ್ಷಿ ಮುಗ್ಗರಿಸಿದಳು. ಅವಳನ್ನು ಹಿಡಿಯಲು ಅವನ ಕೈ ಮುಂದೆ ಬಂತು... ಅರ್ಧದಲ್ಲೇ ನಿಂತಿತು. ಬೆಂಕಿ ಮುಟ್ಟಿದವನಂತೆ ಹಿಂದಕ್ಕೆ ಎಳೆದುಕೊಂಡ.

ಅವಳು ಸೀಟಿನ ಕಂಬಿ ಹಿಡಿದು ಸಾವರಿಸಿಕೊಂಡಳು. ಅಷ್ಟು ಒಂಟಿಯಾದ ಕಣ್ಣುಗಳನ್ನು ಅವಳು ಎಂದೂ ನೋಡಿರಲಿಲ್ಲ.

ಅದು ತೊಂಬತ್ತನಾಲ್ಕರ ನಾರಳಿ ಪೂರ್ಣಿಮೆ, ನೀರಿಗೆ ತೆಂಗಿನಕಾಯಿ ಅರ್ಪಿಸುವ ಹಬ್ಬ; ಭಾನುವಾರ. ಡೊಂಬಿವಲಿಯ ಕನ್ನಡ ಸಂಘದವರು ಒಂದು ದಿನದ ಪ್ರವಾಸ ಹೊರಟಿದ್ದರು. ಬೆಳಿಗ್ಗೆ ಠಾಣೆ ಊರಿನ ಕೋಪಿನೇಶ್ವರ ಗುಡಿ, ಕೆರೆ, ಮಧ್ಯಾಹ್ನ ಕಲ್ಯಾಣ, ಸಂಜೆ ಅಲ್ಲಿನ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಮೀನುಗಾರ ಕೋಳಿ ಜನರ ಜೊತೆ ತೆಂಗಿನಕಾಯಿ ಬಿಡುವುದು. ಜಲಜಾಕ್ಷಿಯ ಅಣ್ಣ ಚೆನ್ನಯ ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಇವತ್ತಿನ ತಿಂಡಿ ಅವನದು. ಎರಡು ತಿಂಗಳ ಹಿಂದೆ ಕಾರ್ಕಳದಿಂದ ಬಂದ ತಂಗಿಗೆ ತಲೆ ಎಣಿಸುವ ಕೆಲಸ ಕೊಟ್ಟಿದ್ದ.

ಪಟ್ಟಿಯಲ್ಲಿ ಇಪ್ಪತ್ತಾರು ಹೆಸರು. ಬಸ್ಸಿನಲ್ಲಿ ಇಪ್ಪತ್ತೇಳು ಜನ.

"ಅಣ್ಣ, ಒಬ್ಬರು ಹೆಚ್ಚಿದ್ದಾರೆ. ಹಿಂದೆ ಕೂತವರು ಯಾರು?"

ಚೆನ್ನಯ ಹಿಂದಕ್ಕೆ ತಿರುಗಲೇ ಇಲ್ಲ. "ಇಪ್ಪತ್ತಾರೇ ಬರಿ."

"ಆದ್ರೆ ಅಲ್ಲಿ..."

"ಜಲ್ಜಾ, ಹಿಂದೆ ನೋಡ್ಬೇಡ."

ಅಣ್ಣನ ದನಿ ಸಣ್ಣಗೆ ನಡುಗಿದ್ದು ಅವಳಿಗೆ ಗೊತ್ತಾಯಿತು.

ಠಾಣೆಯ ಗುಡಿಯಲ್ಲಿ ಅವಳು ಕದ್ದು ಕದ್ದು ಗಮನಿಸಿದಳು. ಅವನು ಕಂಬದ ಪಕ್ಕ ನಿಂತಿದ್ದ. ಸಂಘದ ಕಾರ್ಯದರ್ಶಿ ಗುರುಪಾದಪ್ಪನವರು ಪ್ರಸಾದ ಹಂಚುತ್ತ ಬಂದರು. ಇವನ ಚಾಚಿದ ಕೈಯನ್ನು ದಾಟಿ ಮುಂದಿನವರಿಗೆ ಕೊಟ್ಟರು. ಅಲ್ಲಿ ಬರೀ ಗಾಳಿ ಇದೆಯೇನೋ ಎಂಬಂತೆ.

ಕೆರೆಯ ದಂಡೆಯಲ್ಲಿ ಎಲ್ಲರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರು. ಅವನು ನಾಲ್ಕು ಮಾರು ದೂರದಲ್ಲಿ ನೀರನ್ನೇ ನೋಡುತ್ತಿದ್ದ. ಯಾರೂ ಕರೆಯಲಿಲ್ಲ. ಚೆನ್ನಯ ಇಡ್ಲಿಯ ಪೊಟ್ಟಣ ಹಂಚಿದ. ಅವನಿಗೆ ಸಿಗಲಿಲ್ಲ.

ಜಲಜಾಕ್ಷಿಗೆ ತಡೆಯಲಾಗಲಿಲ್ಲ. ತನ್ನ ಪೊಟ್ಟಣವನ್ನೇ ಒಯ್ದು ಬಸ್ಸಿನಲ್ಲಿ ಅವನ ಸೀಟಿನ ಮೇಲಿಟ್ಟಳು. ಕಲ್ಯಾಣ ತಲುಪಿದಾಗ ಹೋಗಿ ನೋಡಿದಳು. ಪೊಟ್ಟಣ ಹಾಗೇ ಇತ್ತು. ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ.

ಅವಳ ಬೆನ್ನಿನುದ್ದಕ್ಕೂ ತಣ್ಣಗೆ ಏನೋ ಇಳಿಯಿತು. 'ಇವರಿಗೆ ಹಸಿವೆಯೇ ಇಲ್ಲವಾ? ಅಥವಾ...'

ಆ 'ಅಥವಾ'ದ ಮುಂದಿನದನ್ನು ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಬಸ್ಸಿನ ಮುಂದಿನ ಸೀಟಿನಲ್ಲಿ ರಾಯಚೂರು ಕಡೆಯ ಮರಗಮ್ಮ ಕೂತಿದ್ದಳು. ಅರವತ್ತರ ಹತ್ತಿರದ ವಿಧವೆ, ಬೆಳಿಗ್ಗೆಯಿಂದ ಯಾರೊಂದಿಗೂ ಹೆಚ್ಚು ಮಾತಾಡಿರಲಿಲ್ಲ. ಅವಳನ್ನು ಕೈಹಿಡಿದು ಇಳಿಸುತ್ತ ಜಲಜಾಕ್ಷಿ ಮೆಲ್ಲಗೆ ಕೇಳಿದಳು.

"ಅಮ್ಮಾ, ಹಿಂದಿನ ಸೀಟಿನಲ್ಲಿ ಒಬ್ಬರಿದ್ದಾರಲ್ಲ, ಯಾರವರು?"

ಮುದುಕಿಯ ಹಿಡಿತ ಬಿಗಿಯಾಯಿತು.

"ಯಾವ ಸೀಟು? ಅಲ್ಲಿ ಯಾರೂ ಇಲ್ಲವ್ವಾ."

"ನಾನು ನೋಡಿದೆ. ಅಂಗಿ ಪೂರ್ತಿ ಒದ್ದೆಯಾಗಿತ್ತು..."

"ಅವನು ಹೋದ ವರ್ಷ ಇದೇ ಹುಣ್ಣಿಮೀಗೆ ಈ ಖಾಡ್ಯಾಗ ಮುಳುಗಿ ಹೋಗ್ಯಾನ." ಮರಗಮ್ಮನ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನೀ ಅವನನ್ನ ಮಾತಾಡಸಬ್ಯಾಡ."

ಜಲಜಾಕ್ಷಿಯ ಕೈಯಿಂದ ಪಟ್ಟಿ ಜಾರಿ ಬಿತ್ತು.

ದುರ್ಗಾಡಿ ಕೋಟೆಯ ಬುಡದಲ್ಲಿ ಗುರುಪಾದಪ್ಪನವರು ಕಲ್ಯಾಣದ ಹಳೆಯ ಬಂದರಿನ ಕಥೆ ಹೇಳುತ್ತಿದ್ದರು. ಒಂದು ಕಾಲದಲ್ಲಿ ಈ ನೀರಿಗೆ ಎಲ್ಲೆಲ್ಲಿಂದಲೋ ಹಡಗು ಬರುತ್ತಿದ್ದವಂತೆ. ಎಷ್ಟು ಹಡಗು ಬಂದವು, ಎಷ್ಟು ತಿರುಗಿ ಹೋಗಲಿಲ್ಲ, ಲೆಕ್ಕ ಇಟ್ಟವರಿಲ್ಲವಂತೆ. ಜಲಜಾಕ್ಷಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ.

'ನನ್ನ ಜೊತೆ ಮಾತಾಡಿದ್ದಾರೆ. ನನ್ನನ್ನು ಹಿಡಿಯಲು ಕೈ ಚಾಚಿದ್ದಾರೆ. ಸತ್ತವರು ಹಾಗೆ ನಾಚಿಕೊಂಡು ಕೈ ಹಿಂದೆಗೆಯುತ್ತಾರಾ?'

ಭಯವಾಗುತ್ತಿತ್ತು. ಆದರೂ ಕಣ್ಣು ಅವನನ್ನೇ ಹುಡುಕುತ್ತಿತ್ತು. ಇದೆಂಥ ಹುಚ್ಚು ಎಂದು ತನ್ನನ್ನೇ ಬೈದುಕೊಂಡಳು.

ಸಂಜೆ ಖಾಡಿಯ ದಂಡೆಯಲ್ಲಿ ಬ್ಯಾಂಡು ಮೊಳಗಿತು. ಹಸಿರು ಸೀರೆಯ ಕೋಳಿ ಹೆಂಗಸರು, ಬಾವುಟ ಕಟ್ಟಿದ ದೋಣಿಗಳು, ಬಂಗಾರದ ಕಾಗದ ಸುತ್ತಿದ ದೊಡ್ಡ ತೆಂಗಿನಕಾಯಿ. ಮಳೆಗಾಲದ ಕೆಂಪು ನೀರು ಮೆಟ್ಟಿಲುಗಳನ್ನು ನುಂಗುತ್ತ ಹರಿಯುತ್ತಿತ್ತು. ಎಲ್ಲರೂ ಕೈಮುಗಿದು ಕಾಯಿ ಬಿಟ್ಟರು.

ಜನರಿಂದ ದೂರ, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಅವನಿದ್ದ. ಕಾಯಿಯನ್ನು ನೀರಿಗೆ ಬಿಟ್ಟ. ಅದು ತೇಲಿಹೋಗುವುದನ್ನು ನೋಡಿದ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದ.

ಮೊಣಕಾಲು. ಸೊಂಟ. ಎದೆ...

ಜಲಜಾಕ್ಷಿ ಸುತ್ತ ನೋಡಿದಳು. ಗುರುಪಾದಪ್ಪ ನೋಡುತ್ತಿದ್ದರು. ಅಣ್ಣ ನೋಡುತ್ತಿದ್ದ. ಯಾರೂ ಕದಲಲಿಲ್ಲ.

'ಇವರಿಗೆಲ್ಲ ಕಾಣುತ್ತಿದೆ! ಕಂಡೂ ನಿಂತಿದ್ದಾರೆ!'

ಮುಂದೆ ಏನು ಮಾಡಿದಳೆಂದು ಅವಳಿಗೇ ತಿಳಿಯಲಿಲ್ಲ. ಚಪ್ಪಲಿ ಎಲ್ಲೋ ಬಿತ್ತು. ಸೀರೆ ನೀರಿನಲ್ಲಿ ಭಾರವಾಯಿತು. ಅವನ ಮಣಿಕಟ್ಟು ಕೈಗೆ ಸಿಕ್ಕಿತು. ಮಂಜಿನಂತೆ ತಣ್ಣಗಿತ್ತು. ಆದರೆ ಒಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು.

"ನೀವು... ನೀವು ಬದುಕಿದ್ದೀರಾ?"

ಅವನು ತಿರುಗಿದ.

"ಗೊತ್ತಿಲ್ರೀ," ಎಂದ. "ವರ್ಷ ಆತು, ಯಾರೂ ಹೇಳಿಲ್ಲ."

ಆಗ ಕೇಳಿಸಿತು ಆ ಕೂಗು.

"ವಸಂತಾ..."

ಜಲಜಾಕ್ಷಿಯ ಮೈ ಜುಮ್ಮೆಂದಿತು. ಅವನು ಬೆಚ್ಚಿ ನೀರಿನ ಕಡೆಗೇ ತಿರುಗಿದ. "ಕೇಳಿಸ್ತೇನ್ರೀ? ದಿನಾ ಕರೀತಾನ. ಕೈ ಕೊಡೋ ಅಂತಾನ. ಬಿಡ್ರೀ ನನ್ನ..."

"ಅಲ್ಲ, ಅಲ್ಲ. ದಂಡೆ ಕಡೆಗೆ ನೋಡಿ."

ಮೆಟ್ಟಿಲ ಮೇಲೆ ಮರಗಮ್ಮ ನಿಂತಿದ್ದಳು. ತಲೆಯ ಸೆರಗು ಜಾರಿತ್ತು. ಎರಡೂ ಕೈ ಚಾಚಿದ್ದಳು.

"ವಸಂತಾ, ಮ್ಯಾಲ ಬಾರೋ! ಒಬ್ಬನ್ನ ಕೊಟ್ಟೀನಿ. ನಿನ್ನೂ ಕೊಡಾಕ ನನ್ನಿಂದ ಆಗಂಗಿಲ್ಲ."

ಅವನು ದಂಡೆಯ ಕಡೆಗೆ ಒಂದು ಹೆಜ್ಜೆ ಇಟ್ಟ. ಚೆನ್ನಯ ಓಡಿಬಂದು ಇನ್ನೊಂದು ತೋಳು ಹಿಡಿದ. ಇಬ್ಬರೂ ಸೇರಿ ಅವನನ್ನು ಮೇಲಕ್ಕೆ ತಂದರು.

ಹೆಗಲಿಗೆ ಯಾರೋ ಚಾದರ ಹೊದಿಸಿದ ಮೇಲೆ ಅವನು ಜಲಜಾಕ್ಷಿಗೆ ಹೇಳಿದ. ಹೆಸರು ವಸಂತಕುಮಾರ. ಭಿವಂಡಿಯಲ್ಲಿ ಮಗ್ಗದ ಕೆಲಸ. ಮರಗಮ್ಮನ ಮಗ ಜಯಶೀಲ ಅವನ ಗೆಳೆಯ; ಅಲ್ಲಿ ಒಂದೇ ಕೋಣೆಯಲ್ಲಿ ಇದ್ದವರು. ಹೋದ ವರ್ಷ ಇದೇ ಹಬ್ಬಕ್ಕೆ ಇಬ್ಬರೂ ಸಣ್ಣ ದೋಣಿಯಲ್ಲಿ ಕಾಯಿ ಬಿಡಲು ಹೋಗಿದ್ದರು. ದೋಣಿ ಮಗುಚಿತು.

"ಅವನ ಕೈ ನನ್ನ ಕೈಯಾಗಿತ್ರೀ. ಅದು ಜಾರಿತೋ, ನಾನೇ ಬಿಟ್ಟೆನೋ... ಇವತ್ತಿಗೂ ಗೊತ್ತಿಲ್ಲ. ಹೆಣಾನೂ ಸಿಗಲಿಲ್ಲ."

'ನನ್ನ ಪಾಲಿಗೆ ಅವನೂ ಸತ್ತ' ಎಂದು ಮರಗಮ್ಮ ಅಂದೇ ಹೇಳಿದ್ದಳು. ಆ ತಾಯಿಯ ಮುಖ ನೋಡಿ ಸಂಘದವರೆಲ್ಲ ಹಾಗೇ ನಡೆದುಕೊಂಡಿದ್ದರು. ಇವತ್ತು ಬಸ್ಸು ಹತ್ತಬೇಡ ಎನ್ನಬೇಕಾದರೂ ಅವನ ಜೊತೆ ಮಾತಾಡಬೇಕಿತ್ತಲ್ಲ! ಬೆಳಿಗ್ಗೆ ಅವನು ಡೊಂಬಿವಲಿಯ ರೇತಿಬಂದರಿನಲ್ಲಿ, ಇದೇ ಖಾಡಿಯ ನೀರಿನಲ್ಲಿ, ಉಟ್ಟ ಬಟ್ಟೆಯಲ್ಲೇ ಮುಳುಗೆದ್ದು ಬಂದಿದ್ದ. ಗೆಳೆಯನ ಹೆಸರಲ್ಲಿ ಉಪವಾಸವಿದ್ದ.

"ನಾನು ನಿಮ್ಮನ್ನು ದೆವ್ವ ಅಂದುಕೊಂಡೆ," ಎಂದಳು ಜಲಜಾಕ್ಷಿ. ಹೇಳಿ ನಾಲಿಗೆ ಕಚ್ಚಿಕೊಂಡಳು.

ಅವನ ಮುಖದಲ್ಲಿ ಏನೋ ಸಡಿಲಾಯಿತು. "ಅಂದ್ಕೊಂಡೂ ನೀರಿಗಿಳಿದ್ರೇನ್ರೀ?"

ಅವಳು ತಲೆ ತಗ್ಗಿಸಿ ಸೀರೆಯ ಅಂಚಿನ ನೀರು ಹಿಂಡತೊಡಗಿದಳು.

ಮರಗಮ್ಮ ಅವನ ಪಕ್ಕದಲ್ಲಿ ಕೂತು, ಸೆರಗಿನಿಂದ ಅವನ ತಲೆ ಒರೆಸುತ್ತಿದ್ದಳು. ಒರೆಸುತ್ತಲೇ ಅತ್ತಳು. "ನೀ ಇದ್ದೀ ಅಂತ ಒಪ್ಪಿದ್ರ, ಅವನಿಲ್ಲ ಅಂತ ಒಪ್ಪಬೇಕಾಗಿತ್ತಪ್ಪಾ..."

ಅದಾದ ಮೇಲೆ ಭಾನುವಾರಗಳಂದು ವಸಂತ ಡೊಂಬಿವಲಿಗೆ ಬರತೊಡಗಿದ. ಮರಗಮ್ಮನ ಚಾಳಿನ ಕೋಣೆಯಲ್ಲಿ ಊಟ ಮಾಡುತ್ತಿದ್ದ. ಜಲಜಾಕ್ಷಿಗೂ ಭಾನುವಾರಗಳಂದೇ ಮರಗಮ್ಮನ ಮನೆಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಚೆನ್ನಯನಿಗೆ ಅರ್ಥವಾಗದೇ ಇರಲಿಲ್ಲ.

"ಅವರು ರಾಯಚೂರು, ನಾವು ಕಾರ್ಕಳ. ಮನೆಮಾತು ಬೇರೆ, ಜಾತಿ ಬೇರೆ. ಊರಲ್ಲಿ ಅಮ್ಮನಿಗೆ ನಾನೆಂತ ಹೇಳುದು?"

"ನೋಡಿಯೂ ನೋಡದ ಹಾಗೆ ನಿಂತವರಲ್ಲಿ ನೀನೂ ಒಬ್ಬ ಅಣ್ಣ," ಎಂದಳು ಅವಳು ಮೆಲ್ಲಗೆ. "ಅಮ್ಮನಿಗೆ ಬೇಕಾದ್ರೆ ಅದನ್ನೂ ಹೇಳು."

ಚೆನ್ನಯ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊರಿಗೆ ಕಾಗದ ಬರೆದ.

ನವರಾತ್ರಿಯ ಜಾತ್ರೆಗೆ ಮತ್ತೆ ಎಲ್ಲರೂ ಕಲ್ಯಾಣಕ್ಕೆ ಬಂದರು. ಕೋಟೆಯ ಗುಡ್ಡಕ್ಕೆ ಜನ ಸಾಲುಗಟ್ಟಿ ಹತ್ತುತ್ತಿದ್ದರು. ಮರಗಮ್ಮ ಬೇಕೆಂದೇ ಬಳೆ ಅಂಗಡಿಯ ಮುಂದೆ ನಿಂತಳು. ಅವರಿಬ್ಬರೇ ಮುಂದೆ ಹೋಗಿ ಗೋಡೆಯ ಹತ್ತಿರ ನಿಂತರು. ಕೆಳಗೆ ಖಾಡಿ ಕಪ್ಪಾಗುತ್ತಿತ್ತು.

ವಸಂತ ಗೋಡೆಯ ಮೇಲೆ ಕೈಯೂರಿ ಅವಳ ಕಡೆ ತಿರುಗಿದ.

"ನಿಮ್ಮನ್ನ ಕೇಳಬೇಕಂತೀನಿ. ಆದ್ರ ಮೊದಲು ಒಂದು ಹೇಳಬೇಕು. ಆ ಕೂಗು ಪೂರಾ ನಿಂತಿಲ್ಲ. ಕೆಲವು ಸಲ ಮಗ್ಗದ ಸಪ್ಪಳದಾಗೂ ಕೇಳಿಸ್ತದ. ಆಗ ನಾನು ಎರಡು ದಿನ, ಮೂರು ದಿನ ಯಾರ ಕೂಡಾನೂ ಮಾತಾಡಂಗಿಲ್ಲ. ಅಂಥವನ ಜೋಡಿ ಬಾಳ್ವೆ ಕಷ್ಟರೀ."

ಕೆಳಗಿನ ನೀರಿನಲ್ಲಿ ಏನೋ ಪಳಕ್ಕೆಂದಿತು. ಮೀನೋ, ಮತ್ತೇನೋ. ಇಬ್ಬರೂ ಆ ಕಡೆ ನೋಡಿದರು. ಜಲಜಾಕ್ಷಿಯ ತೋಳಿನ ರೋಮ ಎದ್ದು ನಿಂತಿದ್ದವು. ಆದರೂ ಅವಳು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು.

"ನೀವು ಮಾತಾಡದ ದಿನ ನಾನು ಮಾತಾಡ್ತೇನೆ. ನಮ್ಮ ಮನೆಯಲ್ಲಿ ನನ್ನ ಬಾಯಿಗೆ ಎಲ್ಲರೂ ಹೆದರುತ್ತಾರೆ."

"ಮೂರು ದಿನಾನೂ?"

"ಮೂರು ದಿನವೂ."

"ಏನು ಮಾತಾಡ್ತೀರಿ?"

"ಅದನ್ನು ಈಗಲೇ ಹೇಳಿದ್ರೆ ಆಮೇಲೆ ಎಂತ ಉಳಿತದೆ? ಮೊದಲು ನೀವು ಕೇಳಬೇಕೆಂದಿದ್ದನ್ನು ಕೇಳಿ."

ಅವನು ಕೇಳಿದ.