ಕ್ರಿಬ್ ಮಾರಾಟಕ್ಕಿದೆ

ಗುರುವಾರ ಬೆಳಿಗ್ಗೆ ಆಪೆಲು ಲೆಯಾವಾಸಾ ಬಂದು ಮೊರಾಗ್ ಕಿನ್‌ಮಾಂಟಳ ಅಡುಗೆಮನೆ ಬಾಗಿಲಲ್ಲಿ ನಿಂತಾಗ, ಒಳಗೆ ಚಹಾ ಕುಡಿಯುತ್ತಿದ್ದ ಡೂಗಲ್ಡ್ ಪೆಟ್ರಿಗೆ ಹಿತ್ತಲಿಂದ ಜಾರಿಕೊಂಡರೆ ಸಾಕು ಅನ್ನಿಸಿತು. ಆಪೆಲು ಚರ್ಚಿನ ಮೇಲ್ವಿಚಾರಕ. ಹಿಂದಿನ ಸಂಜೆಯಷ್ಟೇ ಅವನನ್ನು ಕೆಲಸದಿಂದ ತೆಗೆಯುವ ಠರಾವಿಗೆ ಸಮಿತಿಯಲ್ಲಿ ಡೂಗಲ್ಡನೂ ಕೈ ಎತ್ತಿದ್ದ. ಪಕ್ಕದವರು ಎತ್ತಿದರು, ಇವನೂ ಎತ್ತಿದ. ಅದಕ್ಕಿಂತ ದೊಡ್ಡ ಕಾರಣ ಇವನ ಹತ್ತಿರ ಇರಲಿಲ್ಲ.

"ಶನಿವಾರದೊಳಗೆ ಚರ್ಚಿನ ಮನೆ ಬಿಡಬೇಕಂತೆ ಮೊರಾಗಮ್ಮ," ಎಂದ ಆಪೆಲು. "ಅಮ್ಮಂಗೆ ಮಂಡಿನೋವು, ಹತ್ತು ಹೆಜ್ಜೆ ನಡೆಯಕ್ಕಾಗಲ್ಲ. ಕ್ರಿಸ್‌ಮಸ್ ವಾರದಲ್ಲಿ ಈ ಕೊಲ್ಲೀಲಿ ನಾಯಿಗೂ ಬಾಡಿಗೆಗೆ ಜಾಗ ಸಿಗಲ್ಲ. ನಾನು ಕದ್ದಿಲ್ಲ. ಅದನ್ನ ನೀವು ಅವರಿಗೆ ಅರ್ಥ ಮಾಡಿಸಬೇಕು."

"ಅರ್ಥ ಮಾಡಿಸೋಕೆ ಅಲ್ಲಿ ತಲೆ ಅಂತ ಒಂದಿರಬೇಕಲ್ಲ," ಎಂದಳು ಮೊರಾಗ್, ಡೂಗಲ್ಡನ ಕಡೆ ನೋಡುತ್ತಲೇ. "ಕೂತ್ಕೊ. ಮೊದಲಿಂದ ಹೇಳು."

ಮೊರಾಗ್ ಆ ಊರಿನ, ಅಂದರೆ ಮೆಕ್ರೇ ಕೊಲ್ಲಿಯ, ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕೂತು ನಿವೃತ್ತಳಾದವಳು. ಯಾರು ಯಾವ ಪದವನ್ನು ಹೇಗೆ ಬರೆಯುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಊರಿನಲ್ಲಿ ಏನು ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಡೂಗಲ್ಡನಿಗೆ ಅವಳ ಹಿಂದೆ ತಿರುಗುವುದೇ ಕೆಲಸವಾಗಿತ್ತು.

ಕಳುವಾಗಿದ್ದು ಚರ್ಚಿನ ಗೋದಲಿ, ಕ್ರಿಸ್‌ಮಸ್ಸಿಗೆ ಜೋಡಿಸುವ ಯೇಸು ಹುಟ್ಟಿದ ಕೊಟ್ಟಿಗೆ ಮತ್ತು ಅದರ ಗೊಂಬೆಗಳು. ಎಂಬತ್ತು ವರ್ಷದ ಹಿಂದೆ ದೀಪಸ್ತಂಭದ ಕಾವಲುಗಾರನೊಬ್ಬ ಕಡಲು ತಂದು ಎಸೆದ ಮರದಲ್ಲಿ ಮರಿಯಳನ್ನೂ ಜೋಸೆಫನನ್ನೂ ಕುರಿ ಕತ್ತೆಗಳನ್ನೂ ಕೆತ್ತಿದ್ದ. ಸೋಮವಾರ ಅದು ಚರ್ಚಿನ ಕಪಾಟಿನಲ್ಲಿತ್ತು, ಮಂಗಳವಾರ ಇರಲಿಲ್ಲ. ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮೂವರ ಬಳಿ: ಆಪೆಲು, ಆರ್ಗನ್ ನುಡಿಸುವ ಐಲ್ಸಾ ಗೆಡ್ಡಿಸ್, ಮತ್ತು ಚರ್ಚಿನ ಸಮಿತಿಯ ಅಧ್ಯಕ್ಷ ನೈಜೆಲ್ ಪ್ರೋಬರ್ಟ್.

ಮಂಗಳವಾರ ಸಂಜೆ ಐಲ್ಸಾ ಅಂತರ್ಜಾಲದ ಸಂತೆಯಲ್ಲಿ ಮುಳುಗಿದ್ದಾಗ ಒಂದು ಕುರಿಮರಿಯ ಫೋಟೊ ಕಣ್ಣಿಗೆ ಬಿತ್ತು. ಎಡಗಿವಿ ಮುರಿದ ಅದೇ ಕುರಿಮರಿ. ಕೆಳಗೆ ಹಾಸಿದ್ದು ಆಪೆಲುವಿನ ಶೆಡ್ಡಿನ ನೀಲಿ ಟಾರ್ಪಾಲು. ಆಕೆ ಊರಿಗೆಲ್ಲ ಫೋನು ಮಾಡಿ ಮುಗಿಸುವಷ್ಟರಲ್ಲಿ ಜಾಹೀರಾತು ಮಾಯವಾಗಿತ್ತು.

"ನಿನ್ನ ಶೆಡ್ಡಿಗೆ ಬೀಗ ಹಾಕ್ತೀಯಾ?" ಎಂದು ಕೇಳಿದಳು ಮೊರಾಗ್.

"ಯಾವತ್ತೂ ಇಲ್ಲ."

"ಹಾಗಾದ್ರೆ ಟಾರ್ಪಾಲು ಊರಿನದು. ಹೋಗು, ಅಮ್ಮಂಗೆ ಧೈರ್ಯ ಹೇಳು."

ಅವನು ಹೋದ ಮೇಲೆ ಮೊರಾಗ್ ತಿರಸ್ಕಾರವನ್ನು ಅಡಗಿಸಲಿಲ್ಲ. ಡಿಸೆಂಬರ್ ಬಂತೆಂದರೆ ಊರಿಗೆ ಊರೇ ಫೋನಿಗೆ ಮೂಗು ಒತ್ತಿಕೊಂಡು ಕೂರುತ್ತದೆ, ಹೋದ ವರ್ಷ ಕೊಂಡ ಕಸವನ್ನು ಈ ವರ್ಷ ಇನ್ನೊಬ್ಬರಿಗೆ ದಾಟಿಸಿ ಅವರ ಕಸವನ್ನು ಮನೆ ತುಂಬಿಸಿಕೊಳ್ಳುತ್ತದೆ, ಅದಕ್ಕೆ ಹಬ್ಬ ಅಂತ ಹೆಸರು ಬೇರೆ ಎಂದಳು. "ಆ ಜಾಹೀರಾತಿನಲ್ಲಿ ಏನು ಬರೆದಿತ್ತೋ ನೋಡಬೇಕಿತ್ತು. ಅಳಿಸಿಬಿಟ್ಟಿದಾನೆ ಕಳ್ಳ."

ಡೂಗಲ್ಡ್ ಬಟ್ಟಲಿನೊಳಗೆ ನೋಡಿದ. "ನನ್ನ ಫೋನಲ್ಲಿದೆ," ಎಂದ.

"ಏನು?"

"ಫೋಟೊ ಹಾಕೋಕೆ ಮುಂಚೆ ನಾನು ನೋಡಿದ್ದೆ. ಬರೀ ಬರಹ ಇತ್ತು. ನಾನೂ ಒಂದು ಸಂದೇಶ ಕಳಿಸಿದ್ದೆ. ನಗಬೇಡ."

ಸಂದೇಶಗಳು ಅಳಿಸಿಹೋಗಿರಲಿಲ್ಲ, ಮಾರುವವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಮೇಲೆ ಜಾಹೀರಾತಿನ ಸಾಲು: 'ಹಳೆಯ ಮರದ ಕ್ರಿಬ್. ಕೈಕೆಲಸ. ಒಳಗಿನ ಸಾಮಾನೆಲ್ಲ ಸೇರಿ. ಹಬ್ಬಕ್ಕೆ ಮುಂಚೆ ಒಯ್ಯತಕ್ಕದ್ದು.' ಬೆಲೆ ನಾನೂರು ಡಾಲರ್. ಕಡಲಂಚಿನ ಪುಟ್ಟ ರಜೆಮನೆಗೆ ದೇಶದ ಈ ದಕ್ಷಿಣ ತುದಿಯವರು ಕ್ರಿಬ್ ಅನ್ನುತ್ತಾರೆ. ಅಂಥದ್ದೊಂದು ತನಗೂ ಇರಬೇಕೆಂದು ಡೂಗಲ್ಡ್ ಇಪ್ಪತ್ತು ವರ್ಷದಿಂದ ಆಸೆಪಟ್ಟಿದ್ದ. 'ಎಷ್ಟು ಕೋಣೆ? ಕಡಲು ಕಾಣುತ್ತದೆಯೇ?' ಎಂದು ಕೇಳಿದ್ದ. ಮಾರುವವನ ಉತ್ತರ: 'ಕೋಣೆಯೇ? ಮೂರಡಿ ಎತ್ತರ, ಹುಲ್ಲಿನ ಚಾವಣಿ. ಈ ಊರಲ್ಲಿ ಎಲ್ಲರಿಗೂ ತಲೆ ಕೆಟ್ಟಿದೆಯೇ?'

"ನಾನೂರು ಡಾಲರಿಗೆ ಮನೆ," ಎಂದಳು ಮೊರಾಗ್. "ಅದನ್ನೂ ನಂಬಿದೆಯಲ್ಲೋ ನೀನು."

"ಕೇಳೋದರಲ್ಲಿ ಏನು ಹೋಗುತ್ತೆ ಅಂದ್ಕೊಂಡೆ."

"ಎಲ್ಲರಿಗೂ ಅಂತ ಬರೆದಿದಾನೆ ನೋಡು. ಅಂದ್ರೆ ನಿನ್ನಂಥ ಮಹಾನುಭಾವರು ಬೇಕಾದಷ್ಟಿದ್ರು." ಆ ಸಂದೇಶವನ್ನು ಅವಳು ಮೂರು ಸಲ ಓದಿದಳು. ಮೂರನೆಯ ಸಲ ಓದುವಾಗ ಅವಳ ಮುಖದಲ್ಲಿ ನಗುವಿರಲಿಲ್ಲ. "ಕೋಟು ಹಾಕ್ಕೊ," ಎಂದಳು.

ಐಲ್ಸಾ ತನ್ನ ಅಡುಗೆಮನೆಯಲ್ಲಿ ಚೀಸ್ ರೋಲ್ ಸುತ್ತುತ್ತಿದ್ದಳು. "ಆಪೆಲು ಒಳ್ಳೆಯವನೇ ಇರಬಹುದು," ಎಂದಳು, "ಆದ್ರೆ ಎಷ್ಟಾದ್ರೂ ಹೊರಗಿಂದ ಬಂದವನು. ನಮ್ಮ ಸ್ಟೇಬಲ್ ಬೆಲೆ ಅವನಿಗೇನು ಗೊತ್ತು?" ಇಲ್ಲಿಯವರೆಲ್ಲ ಗೋದಲಿಗೆ ಸ್ಟೇಬಲ್ ಎನ್ನುವುದೇ ವಾಡಿಕೆ. ಆಪೆಲು ಹುಟ್ಟಿದ್ದು ಪಕ್ಕದ ಇನ್ವರ್ಕಾರ್ಗಿಲ್‌ನಲ್ಲಿ, ಸಮೋವಾದಿಂದ ಬಂದದ್ದು ಅವನ ಅಜ್ಜ, ಎಂದು ಮೊರಾಗ್ ನೆನಪಿಸಿದಳು. ಐಲ್ಸಾ ಮತ್ತೊಂದು ರೋಲಿಗೆ ಬೆಣ್ಣೆ ಸವರಿದಳು.

ಪ್ರೋಬರ್ಟ್ ಗೇಟಿನಲ್ಲೇ ನಿಂತು ಮಾತಾಡಿಸಿದ. ಜಗಲಿಯ ತುಂಬ ರಟ್ಟಿನ ಪೆಟ್ಟಿಗೆಗಳು, ಟೇಪು, ಸುತ್ತುವ ಕಾಗದ. ಎರಡು ವರ್ಷದ ಹಿಂದೆ ಉತ್ತರದ ಆಕ್ಲೆಂಡಿನಿಂದ ಬಂದವನು ಊರಿನ ಮುದುಕಿಯರ ಹಳೆ ಪಿಂಗಾಣಿ ಕೊಂಡು ಜಾಲದಲ್ಲಿ ಮೂರು ಪಟ್ಟು ಬೆಲೆಗೆ ಮಾರುವುದನ್ನು ದೊಡ್ಡ ಸಮಾಜಸೇವೆಯಂತೆ ಹೇಳಿಕೊಳ್ಳುತ್ತಿದ್ದ.

"ಒಳಗೆ ಕರೆಯೋಣ ಅಂದ್ರೆ ಕಾಲಿಡಕ್ಕೆ ಜಾಗ ಇಲ್ಲ. ಆಕ್ಲೆಂಡಲ್ಲಿದ್ದಾಗ ನಂದೊಂದು ಬ್ಯಾಚ್ ಇತ್ತು ಕಡಲ ಎದುರಿಗೇ, ರಜೆಗೆಲ್ಲ ಅಲ್ಲೇ ಇರ್ತಿದ್ವಿ, ಸಾಮಾನೂ ಅಲ್ಲೇ. ಆಪೆಲು ವಿಷಯ ಮುಗೀತಲ್ಲ? ಪಾಪ, ನಂಗೂ ಬೇಜಾರೇ. ಹೊಸ ಗೊಂಬೆ ನಾನೇ ತರಿಸ್ತೀನಿ ಬಿಡಿ. ಒಳಗೆ ದೀಪ ಉರಿಯೋದು ಸಿಗುತ್ತೆ ಈಗ."

ಶುಕ್ರವಾರ ಮಧ್ಯಾಹ್ನ ಮೊರಾಗ್ ಸಮಿತಿಯ ಏಳು ಜನರನ್ನೂ ಆಪೆಲುವನ್ನೂ ಚರ್ಚಿನ ಪಕ್ಕದ ಸಭಾಂಗಣಕ್ಕೆ ಕರೆಸಿದಳು. ಯಾರಿಗೂ ಬರುವ ಮನಸ್ಸಿರಲಿಲ್ಲ. ಅಂಗಡಿಗಳಲ್ಲಿ ಕೊನೆಯ ರಿಯಾಯಿತಿ ನಡೆಯುತ್ತಿತ್ತು.

"ಮೊದಲು ಒಂದು ಸಣ್ಣ ವಿಷಯ," ಎಂದಳು. "ನನ್ನ ತಂಗಿ ಒಂದು ಕ್ರಿಬ್ ಮಾರಾಟಕ್ಕಿಟ್ಟಿದಾಳೆ. ಕೀಲಿ ಇಟ್ಕೊಂಡ ಮೂರೂ ಜನ ಹೇಳಿ, ಕೊಳ್ಳೋಕೆ ಮುಂಚೆ ಏನು ವಿಚಾರಿಸ್ತೀರಿ?"

"ಚಾವಣಿ ಸೋರುತ್ತಾ ಅಂತ," ಎಂದಳು ಐಲ್ಸಾ.

"ನೀರಿನ ಟ್ಯಾಂಕು ಎಷ್ಟು ದೊಡ್ಡದು ಅಂತ," ಎಂದ ಆಪೆಲು. ಈ ಆಟ ಯಾಕೆಂದು ಅವನಿಗೆ ತಿಳಿಯಲಿಲ್ಲ.

ಪ್ರೋಬರ್ಟನ ಮುಖ ಅರಳಿತು. ಕಳುವಾದದ್ದರ ಜಾಗಕ್ಕೆ ಇನ್ನೊಂದು ಸಿಕ್ಕಿತು, ಗಲಾಟೆ ಇಲ್ಲಿಗೆ ಮುಗಿಯಿತು ಎಂದು ಅವನಿಗೆ ಅನ್ನಿಸಿತ್ತು. "ಒಳ್ಳೇದೇ ಆಯ್ತಲ್ಲ. ಗೊಂಬೆಗಳೆಲ್ಲ ಪೂರ್ತಿ ಇವೆಯಾ ಅಂತ ಕೇಳ್ತೀನಿ ನಾನು."

ಯಾರೋ ಕಿಸಕ್ಕೆಂದರು. ಐಲ್ಸಾ ಹುಬ್ಬು ಗಂಟಿಕ್ಕಿ, "ರಜೆಮನೇಲಿ ಯಾವ ಗೊಂಬೆ?" ಎಂದಳು.

"ಅದೇ ನೋಡಿ," ಎಂದಳು ಮೊರಾಗ್. "ನಮಗೆ ಕ್ರಿಬ್ ಅಂದ್ರೆ ಮನೆ. ಉತ್ತರದವರಿಗೆ ರಜೆಮನೆ ಬ್ಯಾಚು, ಕ್ರಿಬ್ ಅಂದ್ರೆ ಗೋದಲಿ. ಕಳ್ಳ ತನ್ನ ಪದದಲ್ಲೇ ಜಾಹೀರಾತು ಹಾಕಿದ. ಫೋಟೊ ಹಾಕೋ ತನಕ ಇಲ್ಲಿಯ ದಡ್ಡರೆಲ್ಲ ಅವನಿಗೆ ಕೋಣೆ ಎಷ್ಟು, ಕಡಲು ಕಾಣುತ್ತಾ ಅಂತ ಕೇಳಿದ್ರು. ಅವನಿಗೆ ಇವತ್ತಿನವರೆಗೂ ಯಾಕೆ ಅಂತ ಹೊಳೆದಿಲ್ಲ. ಊರಿನವರ ಮಾತನ್ನ ಅವನು ಎರಡು ವರ್ಷದಲ್ಲಿ ಒಂದು ಸಲವೂ ಕಿವಿಗೆ ಹಾಕ್ಕೊಂಡಿಲ್ಲ, ಅವರ ಪಿಂಗಾಣಿ ಮೇಲೆ ಮಾತ್ರ ಕಣ್ಣು. ಟಾರ್ಪಾಲು ತಂದದ್ದು ಬೀಗವಿಲ್ಲದ ಶೆಡ್ಡಿಂದ. ಕಪಾಟು ತೆಗೆದದ್ದು ತನ್ನ ಕೀಲೀಲಿ. ಗೋದಲಿಗೆ ಬೆಲೆ ಬರೋದು ಈ ಒಂದು ವಾರ, ಅದಕ್ಕೇ ಅವಸರ."

"ಒಂದು ಪದ ಇಟ್ಕೊಂಡು ನನ್ನ ಕಳ್ಳ ಅಂತೀರಾ?" ಪ್ರೋಬರ್ಟ್ ಎದ್ದು ನಿಂತ. "ಆಕ್ಲೆಂಡಿಂದ ಬಂದವರು ಇನ್ನೂ ಎಷ್ಟೋ ಜನ ಇದಾರೆ ಇಲ್ಲಿ."

"ಕೀಲಿ ಇರೋರು ಎಷ್ಟು ಜನ? ಇರಲಿ. ಡೂಗಲ್ಡ್, ಆ ಮಾರೋವನಿಗೆ ಇನ್ನೊಂದು ಸಂದೇಶ ಕಳಿಸು."

ಡೂಗಲ್ಡ್ ದಪ್ಪ ಬೆರಳಲ್ಲಿ ಟೈಪು ಮಾಡಿದ: 'ಇನ್ನೂ ಇದೆಯೇ?' ಪ್ರೋಬರ್ಟನ ಅಂಗಿ ಜೇಬಿನಲ್ಲಿ ಫೋನು ಟಿಣ್ ಎಂದಿತು. ಮೊರಾಗ್ ಕಣ್ಸನ್ನೆ ಮಾಡಿದಳು. ಡೂಗಲ್ಡ್ ಮತ್ತೊಮ್ಮೆ ಕಳಿಸಿದ. ಮತ್ತೆ ಟಿಣ್ ಎಂದಿತು. ಪ್ರೋಬರ್ಟ್ ಕೂತುಬಿಟ್ಟ.

"ವರ್ಷದಲ್ಲಿ ಹನ್ನೊಂದು ತಿಂಗಳು ಯಾರೂ ಅದನ್ನ ತಿರುಗಿ ನೋಡಲ್ಲ," ಎಂದ ಕೊನೆಗೆ. "ಗ್ಯಾರೇಜಲ್ಲಿದೆ. ಒಂದೂ ಮುಕ್ಕಾಗಿಲ್ಲ."

"ಆಪೆಲು ಮನೆ ಬಿಡೋ ಠರಾವು ಬರೆದವನು ನೀನೇ," ಎಂದಳು ಮೊರಾಗ್. "ನಿನ್ನ ಹತ್ರ ಮಾತಾಡಿದ್ರೆ ನನ್ನ ಬಾಯಿ ತೊಳ್ಕೋಬೇಕಾಗುತ್ತೆ. ಪೊಲೀಸರು ದಾರೀಲಿದಾರೆ, ಅವರ ಹತ್ರ ಮಾತಾಡು."

ಸಮಿತಿ ಈಗ ತುಂಬ ಒಳ್ಳೆಯದಾಗಿಬಿಟ್ಟಿತು. ಠರಾವು ರದ್ದು ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಐಲ್ಸಾ ಆಪೆಲುವಿನ ಕೈ ಹಿಡಿದು, ಅದೊಂದು ತಪ್ಪು ತಿಳಿವಳಿಕೆ, ಗೋದಲಿಯನ್ನು ಈ ಸಲವೂ ನೀನೇ ಜೋಡಿಸಬೇಕು ಎಂದಳು.

ಆಪೆಲು ಕೈ ಬಿಡಿಸಿಕೊಂಡ. "ಜೋಡಿಸ್ತೀನಿ, ನನ್ನ ಕೆಲಸ ಅದು. ಆದ್ರೆ ಅಮ್ಮ ಎರಡು ದಿನದಿಂದ ಮನೆ ಸಾಮಾನೆಲ್ಲ ಪೆಟ್ಟಿಗೆಗೆ ತುಂಬಿದಾಳೆ, ಕುರ್ಚಿ ಮೇಲೆ ಕೂತ್ಕೊಂಡೇ. ಅದನ್ನ ನಾನು ಬಿಚ್ಚಲ್ಲ. ಕೈ ಎತ್ತಿದೋರು ಬಂದು ಬಿಚ್ಚಿ."

ಯಾರಿಗೋ ಅಂಗಡಿಗೆ ಹೋಗಬೇಕಿತ್ತು, ಯಾರಿಗೋ ಒಲೆಯಲ್ಲಿ ಹ್ಯಾಮ್ ಇತ್ತು. ಮೊರಾಗ್ ಬಾಗಿಲಿಗೆ ಅಡ್ಡ ನಿಂತು ಯಾರನ್ನೂ ಬೇರೆಡೆಗೆ ಬಿಡದ್ದರಿಂದ, ಪ್ರೋಬರ್ಟನನ್ನು ಪೊಲೀಸರಿಗೆ ಒಪ್ಪಿಸಿ ಉಳಿದ ಆರು ಜನವೂ ಆಪೆಲುವಿನ ಪುಟ್ಟ ಮನೆಗೆ ಹೋದರು. ಗೋಡೆಗಳು ಬೋಳಾಗಿದ್ದವು. ಹದಿನಾರು ಪೆಟ್ಟಿಗೆಗಳ ನಡುವೆ ಆಪೆಲುವಿನ ತಾಯಿ ಸಿನಾ ಕೂತಿದ್ದಳು. ಐಲ್ಸಾ ಮಂಡಿಯೂರಿ ಪತ್ರಿಕೆಯಲ್ಲಿ ಸುತ್ತಿದ ಬಟ್ಟಲುಗಳನ್ನು ಬಿಚ್ಚತೊಡಗಿದಳು. ಯಾವುದು ಎಲ್ಲಿಗೆ ಎಂದು ಸಿನಾ ಬೆರಳಲ್ಲಿ ತೋರಿಸುತ್ತಿದ್ದಳು.

ಡೂಗಲ್ಡ್ ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದ. ಮುದುಕಿ ಅವನನ್ನು ನೋಡಿದಳು. ಹನ್ನೆರಡು ವರ್ಷ ಅವಳ ಮಗನನ್ನು ಶಾಲೆಗೆ ಕರೆದೊಯ್ದ ಬಸ್ಸು ಅವನದು.

"ನೀನೂ ಕೈ ಎತ್ತಿದ್ಯಾ?"

ಇಲ್ಲ ಎಂದರೆ ಅವಳು ನಂಬುತ್ತಿದ್ದಳು. ಅವನಿಗೆ ಅದು ಗೊತ್ತಿತ್ತು.

"ಎತ್ತಿದ್ದೆ," ಎಂದ.

ಸಿನಾ ಮೂಲೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯನ್ನು ತೋರಿಸಿದಳು.