ಎರಡು ಬೆರಳಿನ ಫೋಟೊ

"ಈ ಫೋಟೊ ಹಾಕಿದ್ದು ನೀವೇನಾ?"

ಔಷಧಿ ಕಿಟಕಿಯ ಮುಂದೆ ಸಾಲುಗಟ್ಟಿದ್ದವರೆಲ್ಲ ತಿರುಗಿ ನೋಡಿದರು. ಯೆಲ್ನಿಯ ಮುಖ ಕೆಂಪೇರಿತು.

ಎದುರಿಗೆ ನಿಂತವನು ಚುನಾವಣಾ ನಿಗಾ ಕಚೇರಿಯ ರಿಜಾಲ್ದಿ. ಅವನ ಮೊಬೈಲಿನಲ್ಲಿದ್ದದ್ದು ಅವಳೇ ನೋಡಿಕೊಳ್ಳುತ್ತಿದ್ದ ಉಜುಂಗ್ ಲಾಬು ಸರ್ಕಾರಿ ಆಸ್ಪತ್ರೆಯ ಫೇಸ್‌ಬುಕ್ ಪುಟ. ಅದರಲ್ಲಿ ಪೇಟೆಯ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಬಾನುನ್ ಅಜ್ಜಿ, ಪಕ್ಕದಲ್ಲಿ ಸಮವಸ್ತ್ರದ ಯೆಲ್ನಿ. ಇಬ್ಬರೂ ಎರಡೆರಡು ಬೆರಳೆತ್ತಿ ಬಾಯ್ತುಂಬ ನಗುತ್ತಿದ್ದರು.

ಎರಡು! ಜಿಲ್ಲೆಯ ಗದ್ದುಗೆಗೆ ನಿಂತಿರುವ ಎರಡನೇ ನಂಬರಿನ ಅಭ್ಯರ್ಥಿಯ ಗುರುತು! ಸುಮಾತ್ರದ ಈ ಕಡಲತಡಿಯಲ್ಲಿ ಚುನಾವಣೆ ಬಂತೆಂದರೆ ಸರ್ಕಾರಿ ನೌಕರರು ಮುಷ್ಟಿ ಕಟ್ಟಿಯೇ ಫೋಟೊಗೆ ನಿಲ್ಲಬೇಕು. ಯೆಲ್ನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಜ್ಜಿಯ ಸಂತೋಷದಲ್ಲಿ ಮರೆತಳು, ಅಷ್ಟೇ.

"ಕಣ್ಣು ಬಂತಾ ಅಂತ ನೋಡೋಕೆ ಎಷ್ಟು ಬೆರಳು ಅಂತ ಕೇಳಿದೆ ಸಾರ್. ಅಜ್ಜಿನೂ ಎರಡು ತೋರಿಸಿದ್ರು..."

"ನೋಡಿದೋರಿಗೆ ಅದೆಲ್ಲ ಹೇಗೆ ಗೊತ್ತಾಗ್ಬೇಕು? ದೂರು ಬಂದಿದೆ. ಪುಟದಿಂದ ಫೋಟೊ ತೆಗೆದುಹಾಕಿ," ಎಂದ ರಿಜಾಲ್ದಿ. ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಡುವ ಮುನ್ನ ಆ ಫೋಟೊವನ್ನು ಇನ್ನೊಮ್ಮೆ, ಕೊಂಚ ಹೆಚ್ಚೇ ಹೊತ್ತು ನೋಡಿದ. ಯೆಲ್ನಿಗೆ ಅದು ಕಾಣಲಿಲ್ಲ ಬಿಡಿ, ಅವಳು ನೆಲ ನೋಡುತ್ತಿದ್ದಳು.

ಮಾರನೆಯ ಬೆಳಗ್ಗೆ ಆಸ್ಪತ್ರೆಯ ಪುಟವೇ ಇರಲಿಲ್ಲ!

ಯೆಲ್ನಿ ಮತ್ತೆ ಮತ್ತೆ ಹುಡುಕಿದಳು. ಉಚಿತ ಕಣ್ಣಿನ ಶಿಬಿರ ಹತ್ತಿರ ಬಂದಿತ್ತು. ಆ ಪುಟ ನೋಡಿಯೇ ಮೊಮ್ಮಕ್ಕಳು ಗುಡ್ಡದ ಹಳ್ಳಿಗಳ ಮುದುಕರನ್ನು ಕರೆತರುತ್ತಿದ್ದರು. ವರ್ಷಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರು ಖಾಲಿ ಹಾಸಿಗೆ ನೋಡಿ ವಾಪಸಾದರೆ, ಆ ಜೀವಗಳು ಇನ್ನೊಂದು ವರ್ಷ ಕತ್ತಲಲ್ಲೇ ಇರಬೇಕು.

'ಫೋಟೊ ತೆಗೆಸಿಹಾಕಿದ್ದು ಸಾಲದೇ? ಇಡೀ ಪುಟಾನೇ ಮುಚ್ಚಿಸಿಬಿಟ್ಟನಲ್ಲ... ಕಲ್ಲು ಮನಸ್ಸಿನವನು!'

ಸಂಜೆ ಕಾಫಿ ಅಂಗಡಿಯೆದುರು ರಿಜಾಲ್ದಿ ಏನೋ ಹೇಳಲು ಬಂದ. "ನಿಮ್ಮ ಕೆಲಸ ಆಯ್ತಲ್ಲ ಸಾರ್," ಎಂದವಳೇ ಮುಖ ತಿರುಗಿಸಿ ನಡೆದಳು. ಮನೆಗೆ ಹೋಗಿ ಅತ್ತಳು, ಸೋದರಮಾವನೆದುರು ಅವನನ್ನು ಮನಸಾರೆ ಬೈದಳು. ಒಬ್ಬನನ್ನೇ ಇಷ್ಟು ಹೊತ್ತು ಬೈಯುತ್ತಿದ್ದೀಯಲ್ಲ, ಹುಡುಗ ನೋಡೋಕೆ ಹೇಗಿದ್ದಾನೆ ಎಂದು ಮಾವ ಛೇಡಿಸಿದರು. ಅವಳಿಗೆ ಇನ್ನೂ ಸಿಟ್ಟು ಬಂತು.

ಶಿಬಿರದ ದಿನ ಖಾಲಿ ಬೆಂಚುಗಳನ್ನು ನೋಡಲು ಎದೆ ಗಟ್ಟಿ ಮಾಡಿಕೊಂಡು ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು.

ಅಂಗಳದ ತುಂಬ ಮುದುಕರು! ಅವರ ನಡುವೆ ಬಾನುನ್ ಅಜ್ಜಿ. ಕಣ್ಣು ಕಾಣದ ತಂಗಿಯ ಕೈ ಹಿಡಿದಿದ್ದಳು, ಕಂಕುಳಲ್ಲಿ ಬಿದಿರಿನಲ್ಲಿ ಬೇಯಿಸಿದ ಅಂಟಕ್ಕಿಯ ಲಾಮಾಂಗ್.

"ಇವತ್ತೇ ಅಂತ ಯಾರು ಹೇಳಿದ್ರು ಅಜ್ಜಿ?"

"ಆ ನಿಗಾ ಕಚೇರಿ ಹುಡುಗ ಕಣೇ. ಮೊದ್ಲು ಬಂದು ಬೆರಳಿನ ವಿಷ್ಯ ಕೇಳ್ಕೊಂಡ. ನಿನ್ನದೇನೂ ತಪ್ಪಿಲ್ಲ, ಕೆಲ್ಸಕ್ಕೇನೂ ಆಗಲ್ಲ ಅಂದ. ಪುಟ ಮುಚ್ಚಿದ್ದು ನಿಮ್ಮ ದೊಡ್ಡ ಡಾಕ್ಟ್ರೇ ಅಂತೆ, ದೂರಿಗೆ ಹೆದರ್ಕೊಂಡು. ಆಮೇಲೆ ಇವ್ನೇ ರಜೆ ದಿನ ಬೈಕಲ್ಲಿ ಊರೂರು ಸುತ್ತಿ, ಮಸೀದಿ ಮೈಕಲ್ಲಿ ಶಿಬಿರದ ಸುದ್ದಿ ಹೇಳಿಸ್ದ."

ಯೆಲ್ನಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಗೇಟಿನ ಹೊರಗೆ ರಿಜಾಲ್ದಿ ಮುದುಕರೊಬ್ಬರನ್ನು ಬೈಕಿನಿಂದ ಮೆಲ್ಲಗೆ ಇಳಿಸುತ್ತಿದ್ದ. ಅಜ್ಜಿ ಕೊಟ್ಟ ಲಾಮಾಂಗ್ ಹಿಡಿದುಕೊಂಡೇ ಅವಳು ಅವನ ಬಳಿ ಹೋದಳು.

"ನಿಮ್ಮನ್ನ ತುಂಬಾ ಬೈದಿದ್ದೆ..."

"ಗೊತ್ತು. ಮುಖದಲ್ಲೇ ಕಾಣ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದೆ, ನೀವು ನಿಲ್ಲಲಿಲ್ಲ." ಅವನು ಬೈಕಿನ ಕೀ ತಿರುಗಿಸುತ್ತ ತಡವರಿಸಿದ. "ಆ ಫೋಟೊ ತೆಗೆಸಿಹಾಕೋದು ನನ್ನ ಕೆಲಸ. ಆದ್ರೆ ಆ ನಗು... ಅದನ್ನ ದಿನಾ ನೋಡ್ಬೇಕು ಅನ್ನಿಸ್ತು ಯೆಲ್ನಿ."

ಅವಳ ಕಣ್ಣು ತುಂಬಿ ಬಂತು. ಲಾಮಾಂಗ್ ಮುಂದೆ ಚಾಚಿದಳು. ಅವನು ಆಸೆಯಿಂದ ನೋಡಿ, ಕೈ ಹಿಂದಕ್ಕೆ ಕಟ್ಟಿಕೊಂಡ.

"ಮತ ಎಣಿಕೆ ಮುಗಿಯೋವರೆಗೆ, ದೂರು ಬಂದಿರೋ ನಿಮ್ಮ ಆಸ್ಪತ್ರೆಯವರ ಕೈಯಿಂದ ಒಂದು ತುತ್ತೂ ತಿನ್ನೋ ಹಾಗಿಲ್ಲ."

ಅಳುತ್ತಲೇ ಯೆಲ್ನಿ ನಕ್ಕಳು. ಆ ಸೀಮೆಯ ಪದ್ಧತಿಯಂತೆ ಮದುವೆಗೆ ಹೆಣ್ಣಿನವರೇ ಹೋಗಿ ಗಂಡು ಕೇಳಬೇಕು. ಕೇಳಿಯೇಬಿಡಬೇಕು ಎನ್ನಿಸಿತು ಅವಳಿಗೆ.

"ಹಾಗಾದ್ರೆ ಎಣಿಕೆ ಮುಗಿದ ಮಾರನೇ ದಿನ ನಮ್ಮ ಸೋದರಮಾವ ನಿಮ್ಮನೆಗೆ ಬರ್ತಾರೆ. ಹುಡುಗನ್ನ ಕೇಳೋಕೆ."

ರಿಜಾಲ್ದಿ ಮೆಲ್ಲಗೆ ಕೇಳಿದ, "ಅವತ್ತು ಲಾಮಾಂಗ್ ಕಳಿಸ್ತೀರಾ?"

"ಕಳಿಸ್ತೀನಿ... ಅಜೋ."

ಅವಳ ಅಮ್ಮ ಅಪ್ಪನನ್ನು ಕರೆಯುವುದು ಹಾಗೇ. ಇಷ್ಟು ದಿನ 'ಸಾರ್' ಆಗಿದ್ದವನ ಕಿವಿ ಕೆಂಪಾಯಿತು.

"ಇನ್ನೊಂದ್ಸಲ ಕರೀರಿ."

"ಎಣಿಕೆ ಮುಗೀಲಿ," ಎಂದಳು ಯೆಲ್ನಿ.